ಆಲೆಮನೆಯ ಪ್ಯಾಕಾರ್ಡ್

ಟಾರ್ಪಾಲು ಎತ್ತಿದಾಗ ಮೊದಲು ಹೊರಗೆ ಬಂದದ್ದು ಒಂದು ಕೋಳಿ. ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆ ಒಣ ತರಗು ಹಾಸಿಕೊಂಡು ಕಾವಿಗೆ ಕೂತಿತ್ತು. ನಾಲ್ಕು ವರ್ಷದ ಹಿಂದಿನ ಮಾತು. ಮದ್ದೂರಿನಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ, ಒಲೆ ಆರಿ ಎಷ್ಟೋ ವರ್ಷವಾಗಿದ್ದ ಆಲೆಮನೆ, ಅದರ ಮೂಲೆಯಲ್ಲಿ ಕಬ್ಬಿನ ಸಿಪ್ಪೆಯ ರಾಶಿಗೆ ಒರಗಿಕೊಂಡು 1937ರ ಪ್ಯಾಕಾರ್ಡ್ 120. 'ಯಾವುದೋ ದೊಡ್ಡ ಹಳೇ ಕಾರು' ಅಂತ ಮಾತ್ರ ಗೆಳೆಯ ಹೇಳಿದ್ದ, ನಾನು ಸುಮ್ನೆ ನೋಡಿ ಬರೋಣ ಅಂತ ಹೋಗಿದ್ದೆ. ಚಕ್ರದ ಮುಚ್ಚಳದ ಮೇಲಿನ ಧೂಳು ಉಜ್ಜಿದರೆ ಆರು ಮೂಲೆಯ ಕೆಂಪು ಗುರುತು ಕಾಣಿಸಿತು. ಅದನ್ನು ನೋಡಿದ ಮೇಲೆ ಚೌಕಾಸಿ ಮಾಡುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ.

'ಮೂತಿ ನೊಗ ಇದ್ದಂಗದಲ್ಲ, ಅದ್ಕೇ ನಮ್ಮಪ್ಪ ಇದ್ನ ಬಸವ ಅಂತಿದ್ದ' ಅಂದರು ಆಲೆಮನೆಯ ಯಜಮಾನರಾದ ಗೌಡರು. ನಾನು ನಕ್ಕುಬಿಟ್ಟೆ. ಏಕೆಂದರೆ ಪ್ಯಾಕಾರ್ಡ್ ರೇಡಿಯೇಟರಿನ ಆ ಆಕಾರಕ್ಕೆ ಅಮೆರಿಕದವರೂ ಎತ್ತಿನ ನೊಗ ಅಂತಲೇ ಹೇಳುವುದು.

ಪ್ಯಾಕಾರ್ಡ್ ಗೊತ್ತಿಲ್ಲದವರಿಗೆ ಎರಡು ಮಾತು. 1899ರಲ್ಲಿ ಒಹಾಯೋದ ವಾರನ್ ಅನ್ನೋ ಊರಿನಲ್ಲಿ ಶುರುವಾಗಿ, ಆಮೇಲೆ ಡೆಟ್ರಾಯಿಟ್‌ಗೆ ಬಂದು ದೊಡ್ಡದಾದ ಕಂಪನಿ. ದುಡ್ಡಿದ್ದವರಿಗೇ ಅಂತ ಕಾರು ಮಾಡುತ್ತಿತ್ತು. 1930ರ ದಶಕದ ಕುಸಿತದಲ್ಲಿ ದುಡ್ಡಿದ್ದವರೇ ಕಡಿಮೆಯಾದಾಗ, 1935ರಲ್ಲಿ ಸಾವಿರ ಡಾಲರ್‌ಗೂ ಕಡಿಮೆಯಿಂದ ಶುರುವಾಗುವ ಈ 120 ತಂದರು. ಇದರಿಂದಲೇ ಕಂಪನಿಯ ಮರ್ಯಾದೆ ಹೋಯಿತು ಅಂತ ಕೆಲವರು, ಇದರಿಂದಲೇ ಕಂಪನಿ ಬದುಕಿತು ಅಂತ ಕೆಲವರು ಇವತ್ತಿಗೂ ಜಗಳ ಆಡುತ್ತಾರೆ. ನಾನು ಬದುಕಿತು ಅನ್ನುವ ಕಡೆ, ಮನೆಯಲ್ಲೇ ಒಂದು ಇರುವಾಗ ಬೇರೆ ಏನು ಹೇಳಲಿ. ಹೇಗೂ 1958ಕ್ಕೆ ಪ್ಯಾಕಾರ್ಡ್ ಹೆಸರೇ ಮುಗಿದುಹೋಯಿತು.

ಗಾಡಿಯನ್ನು ಟ್ರಕ್ಕಿನ ಮೇಲೆ ಹಾಕಿಕೊಂಡು ಮೈಸೂರಿಗೆ ತಂದು ಹಿನಕಲ್ ಹತ್ತಿರ ಬಾಡಿಗೆ ಶೆಡ್ಡಿನಲ್ಲಿ ನಿಲ್ಲಿಸಿದೆ. ಇಂಜಿನ್ ಕಚ್ಚಿಕೊಂಡಿತ್ತು. ಎಂಟು ಸಿಲಿಂಡರ್ ಸಾಲಾಗಿ ನಿಂತಿರುವ ಇಂಜಿನ್ ಅದು, 282 ಘನ ಇಂಚು, ಅಂದರೆ 4.6 ಲೀಟರ್, 120 ಅಶ್ವಶಕ್ತಿ. ಸುತ್ತಿಗೆ ಹಿಡಿಯಬೇಡ, ಸ್ಟಾರ್ಟರ್ ಒತ್ತಬೇಡ ಅಂತ ತಿಳಿದವರು ಹೇಳಿದ್ದರು. ಎಂಟೂ ಪ್ಲಗ್ ಬಿಚ್ಚಿ ಡೀಸೆಲ್ ಜೊತೆ ಗೇರ್‌ಬಾಕ್ಸ್ ಎಣ್ಣೆ ಬೆರೆಸಿ ಸುರಿದು ಕಾದೆ. ದಿನಾ ಸಂಜೆ ಆಫೀಸಿನಿಂದ ನೇರ ಶೆಡ್ಡಿಗೆ ಹೋಗಿ ಫ್ಲೈವೀಲಿಗೆ ಸನ್ನೆಗೋಲು ಕೊಟ್ಟು ಒಂದು ಸಲ ಮೆಲ್ಲಗೆ ಒತ್ತುವುದು, ಅಲ್ಲಾಡದಿದ್ದರೆ ಎಣ್ಣೆ ಸುರಿದು ಮನೆಗೆ ಬರುವುದು. ಮನೆಯವಳು 'ದೇವಸ್ಥಾನಕ್ಕೂ ಇಷ್ಟು ತಪ್ಪದೆ ಹೋಗಿಲ್ಲ ನೀವು' ಅಂದಳು. ಹದಿನೇಳನೇ ದಿನ ಒಂದು ಬೆರಳು ಅಗಲದಷ್ಟು ಸರಿಯಿತು. ಸದ್ದೇ ಇಲ್ಲ. ಬರೀ ಸರಿಯಿತು.

ಆಮೇಲೆ ನಿಜವಾದ ಕೆಲಸ. ಈ ಇಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರ್ ಪಕ್ಕದಲ್ಲಿ ಬ್ಲಾಕಿನ ಒಳಗೇ ಇವೆ, ಮೇಲಿನ ಹೆಡ್ ಬರೀ ದಪ್ಪ ಮುಚ್ಚಳ. ಹಾಗಾಗಿ ಬಿಸಿಯೆಲ್ಲಾ ಬ್ಲಾಕಿಗೇ, ನೀರು ಸರಿಯಾಗಿ ಓಡಲೇಬೇಕು. ನೀರನ್ನು ಹಿಂದಿನ ಸಿಲಿಂಡರ್ ತನಕ ಹಂಚಲು ಬ್ಲಾಕಿನ ಒಳಗೆ ಉದ್ದಕ್ಕೆ ಒಂದು ತಗಡಿನ ಕೊಳವೆ ಇರುತ್ತದೆ. ನಮ್ಮದರಲ್ಲಿ ಅದು ತುಕ್ಕು ಹಿಡಿದು ಹಪ್ಪಳವಾಗಿತ್ತು. ಇಕ್ಕಳದಲ್ಲಿ ಚೂರು ಚೂರೇ ಎಳೆದೆ. ಅದರ ಹಿಂದೆ ಕೆರೆ ಗೋಡಿನಂಥ ಕೆಸರು, ಸೈಕಲ್ ಸ್ಪೋಕಿನಲ್ಲಿ ಕೆದಕಿ ಕೆದಕಿ ಒಂದು ಬಕೆಟ್ ತುಂಬಿತು. ಹೊಸ ಕೊಳವೆ ಮಾಡಿಕೊಟ್ಟದ್ದು ಮಂಡಿ ಮೊಹಲ್ಲಾದಲ್ಲಿ ಪಾತ್ರೆ ಕೆಲಸ ಮಾಡುವ ಒಬ್ಬ ಹಿರಿಯರು, ಹಿತ್ತಾಳೆ ತಗಡಿನಲ್ಲಿ. ತೂತುಗಳ ಅಳತೆಯನ್ನು ಹಳೇ ಚೂರುಗಳನ್ನು ರಟ್ಟಿನ ಮೇಲೆ ಜೋಡಿಸಿ ತೆಗೆದೆವು. 'ಇದು ಯಾವ ಬಾಯ್ಲರಿಂದು?' ಅಂತ ಕೇಳಿದರು. ಕಾರಿಂದು ಅಂದರೆ ನಂಬಲಿಲ್ಲ.

ಗಾಡಿ ಬಿಚ್ಚುತ್ತಾ ಹೋದಂತೆ ಗೊತ್ತಾದದ್ದು, ನಾನು ರಿಪೇರಿ ಮಾಡುತ್ತಿರುವುದು ಪ್ಯಾಕಾರ್ಡನ್ನಲ್ಲ, ಪ್ಯಾಕಾರ್ಡಿನ ಹಳೇ ರಿಪೇರಿಗಳನ್ನು. ಪೆಟ್ರೋಲ್ ಪೈಪಿನ ಜಾಗದಲ್ಲಿ ಪಂಪ್‌ಸೆಟ್ಟಿನ ಪೈಪು. ಗ್ಯಾಸ್ಕೆಟ್ ಜಾಗದಲ್ಲಿ ಸೈಕಲ್ ಟ್ಯೂಬು. ಹಿಂದಿನ ಒಂದು ಸ್ಪ್ರಿಂಗಿಗೆ ಲಾರಿ ಪಟ್ಟಿ ಕಾಯಿಸಿ ಬಡಿದು ಕೂರಿಸಿದ ಕಮ್ಮಾರನ ಸುತ್ತಿಗೆ ಗುರುತುಗಳು ಹಾಗೇ ಇದ್ದವು. ಎಡಗಡೆ ಹಿಂದಿನ ಚಕ್ರದ ಡ್ರಮ್ಮಿಗೆ ಒಂದು ಕಬ್ಬಿಣದ ಪುಲಿ ಬೋಲ್ಟ್ ಮಾಡಿದ್ದರು. ಇದೇನಪ್ಪ ಅಂತ ಗೌಡರಿಗೆ ಫೋನ್ ಮಾಡಿದರೆ, ಆ ಚಕ್ರ ಎತ್ತಿ ನಿಲ್ಲಿಸಿ ಬೆಲ್ಟ್ ಹಾಕಿ ಗಾಣ ತಿರುಗಿಸುತ್ತಿದ್ದರಂತೆ. ಒಂದೇ ಚಕ್ರ ಎತ್ತಿದರೆ, ಹಿಂದಿನ ಎರಡು ಚಕ್ರಕ್ಕೂ ಇಂಜಿನ್ನಿನ ತಿರುಗಾಟ ಹಂಚುವ ಡಿಫರೆನ್ಷಿಯಲ್ ತಿರುಗಾಟವೆಲ್ಲಾ ಆ ಚಕ್ರಕ್ಕೇ ಕೊಡುತ್ತದಲ್ವಾ, ಅದನ್ನು ಆ ಪುಣ್ಯಾತ್ಮ ಯಾವ ಪುಸ್ತಕವನ್ನೂ ಓದದೆ ಕಂಡುಕೊಂಡಿದ್ದ. ಬಸವ ನಿಜವಾಗಿಯೂ ಗಾಣ ಎಳೆದಿದ್ದ.

ಇಲ್ಲಿ ನನಗೆ ತಲೆ ಕೆಟ್ಟಿತು. ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಮ್ಯೂಸಿಯಂ ಇದೆ, ಅಲ್ಲಿಗೆ ಎರಡು ಸಲ ಹೋಗಿ ಬಂದೆ. ಹಳೇ ಕಾರುಗಳೆಲ್ಲ ಥಳಥಳ. ನನ್ನದೂ ಹಾಗೇ ಆಗಬೇಕು ಅನ್ನೋ ಆಸೆ ಒಂದು ಕಡೆ. ಇನ್ನೊಂದು ಕಡೆ, ಈ ಗಾಡಿಯನ್ನು ಗುಜರಿಗೆ ಹೋಗದಂತೆ ಕಾಪಾಡಿದ್ದು ಆ ಲಾರಿ ಪಟ್ಟಿ, ಆ ಪುಲಿ. ಕೊನೆಗೆ ಅಪಾಯ ಮಾಡುವಂಥದ್ದನ್ನೆಲ್ಲಾ ತೆಗೆದೆ, ಪೆಟ್ರೋಲ್ ಪೈಪು, ಬ್ರೇಕು, ವೈರು. ಸ್ಪ್ರಿಂಗನ್ನು ಮೇಟಗಳ್ಳಿಯ ವರ್ಕ್‌ಶಾಪಿನಲ್ಲಿ ಬಿರುಕು ಇದೆಯಾ ಅಂತ ನೋಡಿಸಿ ಹಾಗೇ ವಾಪಸ್ ಹಾಕಿದೆ. ಪುಲಿ ಬಿಚ್ಚಿ ಶೆಡ್ಡಿನ ಮೂಲೆಗೆ ಎಸೆದೆ.

ಕರೆಂಟಿನ ವಿಷಯಕ್ಕೆ ಬಂದರೆ ಅದೊಂದು ಗೋಳು. ಈ ಗಾಡಿ 6 ವೋಲ್ಟ್, ಅದೂ ಬ್ಯಾಟರಿಯ ಪ್ಲಸ್ ಕಡೆ ಚಾಸಿಗೆ. ಇವತ್ತಿನ ಗಾಡಿಗಳಿಗೆ ಪೂರ್ತಿ ಉಲ್ಟಾ. ಒಬ್ಬ ಎಲೆಕ್ಟ್ರಿಷಿಯನ್‌ಗೆ ಇದನ್ನು ಮೂರು ಸಲ ಹೇಳಿ, ಕಾಫಿ ಕುಡಿದು ಬರುವಷ್ಟರಲ್ಲಿ ಆತ ನಲವತ್ತು ವರ್ಷದ ಅಭ್ಯಾಸದಂತೆ ಮೈನಸ್ಸನ್ನೇ ಚಾಸಿಗೆ ಕೊಟ್ಟು ಇಂಜಿನ್ ಓಡಿಸಿದ್ದ. ಡೈನಮೋ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ತಳ್ಳಿ, ಅವೆರಡರ ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಕಟ್‌ಔಟಿನ ಪಾಯಿಂಟುಗಳು ವೆಲ್ಡ್ ಆಗಿ ಅಂಟಿಕೊಂಡವು. ಬಟ್ಟೆ ಸುಟ್ಟ ವಾಸನೆ ಎರಡು ದಿನ ಶೆಡ್ಡಿನಲ್ಲಿತ್ತು. ಇನ್ನೊಂದು ತಪ್ಪು ನನ್ನದೇ. ದಪ್ಪ ಕೇಬಲ್ ಹಾಕಬೇಕಿತ್ತು, ಇವತ್ತಿನ ಕಾರಿನ ಕೇಬಲ್ ಹಾಕಿದ್ದೆ. ವೋಲ್ಟ್ ಅರ್ಧ ಆದರೆ ಅದೇ ಕೆಲಸಕ್ಕೆ ಕರೆಂಟ್ ಎರಡರಷ್ಟು ಹರಿಯಬೇಕು, ಸ್ಟಾರ್ಟರ್ ಮುಲುಕುತ್ತಿತ್ತು ಅಷ್ಟೇ. ಹೆಬ್ಬೆರಳು ದಪ್ಪದ ಕೇಬಲ್ ಹಾಕಿದ ಮೇಲೆ ಸರಿಹೋಯಿತು.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುವುದರಿಂದ ಹಳೇ ಕಾಲದ ರಬ್ಬರ್ ನಿಲ್ಲುವುದಿಲ್ಲ, ಪಂಪಿನ ಡಯಾಫ್ರಾಮ್ ಬದಲಿಸಿದೆ. ಕಬ್ಬಿನ ಆಲೆಮನೆಯಲ್ಲಿದ್ದ ಗಾಡಿಗೆ ಕಬ್ಬಿನ ಎಥನಾಲೇ ಆಗದು ಅಂದರೆ ನೋಡಿ. ಕಾಗದ ಪತ್ರ ಒಂದು ವರ್ಷ ತಿಂದಿತು. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಮೊದಲೇ ನಂಬರ್ ಇದ್ದರೆ ಅದೇ ಉಳಿಯುತ್ತದೆ. ದಿನಾ ಓಡಿಸುವ ಹಾಗಿಲ್ಲ. ಲೀಟರಿಗೆ ಐದು ಕಿಲೋಮೀಟರ್ ಕೊಡುವ ಗಾಡಿಯನ್ನು ದಿನಾ ಯಾರು ಓಡಿಸುತ್ತಾರೆ?

ಹೋದ ತಿಂಗಳು ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟು ಮದ್ದೂರಿಗೆ ಓಡಿಸಿಕೊಂಡು ಹೋದೆ. ಟಾಪ್ ಗೇರಿಗೆ ಹಾಕಿದ ಮೇಲೆ ಇಂಜಿನ್ ಇದೆಯೋ ಇಲ್ಲವೋ ಅನ್ನಿಸುವಷ್ಟು ಮೆತ್ತಗೆ ಹೋಗುತ್ತದೆ. ಮಂಡ್ಯದ ಹತ್ತಿರ ಒಂದು ಸಲ ಬಿಸಿಗೆ ಪೆಟ್ರೋಲ್ ಆವಿಯಾಗಿ ನಿಂತಿತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಎಳನೀರು ಕುಡಿಯುವಷ್ಟರಲ್ಲಿ ಮತ್ತೆ ಹೊರಟಿತು. ಆಲೆಮನೆ ಮುಂದೆ ನಿಲ್ಲಿಸಿದೆ. ಗೌಡರು ಮೂತಿಯನ್ನಾಗಲಿ ಹೊಸ ಬಣ್ಣವನ್ನಾಗಲಿ ನೋಡಲಿಲ್ಲ. ನೇರ ಹಿಂದಕ್ಕೆ ಹೋಗಿ ಬಗ್ಗಿ ಎಡಗಡೆ ಚಕ್ರ ನೋಡಿದರು.

'ಪುಲಿ ಎಲ್ ಮಡಗಿದ್ದೀರಿ?'

ಶೆಡ್ಡಲ್ಲಿದೆ ಅಂದೆ.

'ತಂದ್ಕೊಡಿ. ನಮ್ಮಪ್ಪ ಮಾಡ್ಸಿದ್ದು ಅದು.'

ಮುಂದಿನ ಭಾನುವಾರ ತಂದುಕೊಟ್ಟೆ, ತುಕ್ಕು ಉಜ್ಜಿ, ಎಣ್ಣೆ ಸವರಿ. ಎರಡು ಅಚ್ಚು ಬೆಲ್ಲ ಕೊಟ್ಟು ಕಳಿಸಿದರು, ಅಂಗಡಿಯದ್ದು.