ಬಿಸಿಲ ದಾರಿಯಲ್ಲಿ ಆರು ಬಾಟಲಿ: ಚನ್ನಪಟ್ಟಣದಿಂದ ಮೈಸೂರಿಗೆ

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ವೈನ್ ಒಯ್ಯುವವರು ಬೆಳಗ್ಗೆ ಬೇಗ ಹೊರಡಬೇಕು. ಹನ್ನೊಂದು ದಾಟಿದ ಮೇಲೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ತಾಪ 50 ಡಿಗ್ರಿ ಮುಟ್ಟುತ್ತದೆ. ಆ ಬಿಸಿಯಲ್ಲಿ ಕೆಲವು ಗಂಟೆ ಕೂತ ವೈನಿನ ಹಣ್ಣಿನ ಪರಿಮಳ ಹೋಗಿ ಬೇಯಿಸಿದ ಜಾಮಿನ ವಾಸನೆ ಬರುತ್ತದೆ. ಒಳಗಿನ ದ್ರವ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ನೂಕುವುದೂ ಉಂಟು. ಹಾಗಾಗಿ ನಮ್ಮ ಜೊತೆ ಮೀನಿನಂಗಡಿಯವರು ಬಳಸುವಂಥ ಥರ್ಮೋಕೋಲ್ ಪೆಟ್ಟಿಗೆಯೊಂದು ಹೊರಟಿತು. ಅದರಲ್ಲಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ ಪೇಪರ್ ಸುತ್ತಿದ ಎರಡು ಲೀಟರ್ ನೀರಿನ ಬಾಟಲಿಗಳು. ಪೆಟ್ಟಿಗೆ ಡಿಕ್ಕಿಯಲ್ಲಲ್ಲ, ಎಸಿ ಗಾಳಿ ತಾಗುವ ಹಿಂದಿನ ಸೀಟಿನ ಕೆಳಗೆ.

2023ರಲ್ಲಿ ತೆರೆದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಯಾವುದನ್ನೂ ಮುಟ್ಟದೆ ಹೊರಗಿನಿಂದಲೇ ಸಾಗುತ್ತದೆ. ತಿನ್ನುವ, ಕುಡಿಯುವ ಉದ್ದೇಶವಿದ್ದವರು ಹಳೆಯ ರಸ್ತೆಗೆ ಇಳಿಯಲೇಬೇಕು. ಚನ್ನಪಟ್ಟಣದ ಬಳಿ ಮೊದಲು ಹೆರಿಟೇಜ್ ವೈನರಿ ಇದ್ದ ಜಾಗ ಈಗ ನಾಸಿಕದ ಸುಲಾ ಕಂಪನಿಯ ಕೈಯಲ್ಲಿದೆ, ಹೆಸರು ಡೊಮೇನ್ ಸುಲಾ. ದ್ರಾಕ್ಷಿ ಕೊಯ್ಲು ನೋಡುವ ಆಸೆಯಿದ್ದರೆ ಏಪ್ರಿಲ್ ತಡವಾಯಿತು. ನಮ್ಮ ಕಡೆ ವೈನ್ ದ್ರಾಕ್ಷಿಯ ಕೊಯ್ಲು ಮಾರ್ಚ್ ಹೊತ್ತಿಗೆ ಮುಗಿದಿರುತ್ತದೆ, ಏಪ್ರಿಲ್‌ನಲ್ಲಿ ಬಳ್ಳಿಯ ಕವಲುಗಳನ್ನು ಗಿಡ್ಡಗೆ ಸವರುತ್ತಾರೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ ಸವರಿದ ಮೇಲೇ ಹಣ್ಣು. ವರ್ಷಕ್ಕೆ ಎರಡು ಸವರು, ಒಂದು ಬೆಳೆ.

ವೈನರಿಯ ಟೇಸ್ಟಿಂಗ್ ರೂಮಿನಲ್ಲಿ (ರುಚಿ ನೋಡುವ ಕೋಣೆ) ಸುರಿಯುವ ಕ್ರಮ ಸ್ಪಾರ್ಕ್ಲಿಂಗ್ (ಗುಳ್ಳೆಯೇಳುವ ವೈನ್), ಬಿಳಿ, ರೋಸೆ (ಗುಲಾಬಿ ಬಣ್ಣದ್ದು), ಕೆಂಪು, ಕೊನೆಗೆ ಸಿಹಿ. ಸಿಹಿ ಮೊದಲಾದರೆ ಆಮೇಲಿನದೆಲ್ಲ ಹುಳಿ ಅನ್ನಿಸುತ್ತದೆ. ಕಾರು ಓಡಿಸುವವರು ಮೂಸಿ ನೋಡಿ ಸುಮ್ಮನಾಗಬೇಕು. ಅಲ್ಲಿ ಚೆನ್ನಾಗಿದ್ದ ವೈನ್ ಮನೆಯಲ್ಲಿ ಸಪ್ಪೆಯಾಯಿತು ಎಂದು ದೂರುವವರು ಬಹಳ. ಬಹುತೇಕ ಸಲ ಕಾರಣ ವೈನಲ್ಲ, ತಾಪ. ಅಲ್ಲಿ ಎಸಿ ಕೋಣೆಯಲ್ಲಿ 8 ಡಿಗ್ರಿಗೆ ಸುರಿದದ್ದನ್ನು ಇಲ್ಲಿ 20 ಡಿಗ್ರಿಯಲ್ಲಿ ಕುಡಿದಿರುತ್ತಾರೆ.

ಮೈಸೂರಿನ ಮನೆಯಲ್ಲಿ ರಾತ್ರಿಯೂಟಕ್ಕೆ ಹತ್ತು ಜನ, ಅವರಲ್ಲಿ ಕುಡಿಯುವವರು ಎಂಟು. ಬಾಟಲಿಗೆ 750 ಮಿಲಿ, ಅಂದರೆ 150ರಂತೆ ಐದು ಗ್ಲಾಸು. ಊಟದುದ್ದಕ್ಕೂ ತಲೆಗೆ ಅರ್ಧ ಬಾಟಲಿ ಲೆಕ್ಕ ಹಿಡಿದರೆ ನಾಲ್ಕು, ಬಂದ ಕೂಡಲೇ ಕೊಡಲು ಸ್ಪಾರ್ಕ್ಲಿಂಗ್ ಒಂದು (ಎಂಟು ಜನಕ್ಕೆ ತಲಾ 90 ಮಿಲಿ, ಅಷ್ಟು ಸಾಕು), ಯಾವುದಾದರೂ ಕೆಟ್ಟಿದ್ದರೆ ಇರಲಿ ಎಂದು ಇನ್ನೊಂದು. ಒಟ್ಟು ಆರು: ಸಾವಿನ್ಯೋನ್ ಬ್ಲಾಂಕ್ (ಬಿಳಿ) ಎರಡು, ಶೆನಿನ್ ಬ್ಲಾಂಕ್ (ಇದೂ ಬಿಳಿಯೇ), ರೋಸೆ, ಶಿರಾಜ್ (ಕೆಂಪು), ಸ್ಪಾರ್ಕ್ಲಿಂಗ್ ಒಂದೊಂದು.

ದಾರಿಯ ಊರುಗಳ ಅಂಗಡಿಯಲ್ಲಿ ಕೊಳ್ಳುವುದಾದರೆ ಜಾಗ್ರತೆ ಬೇಕು. ಫಲಕದಲ್ಲಿ ವೈನ್ಸ್ ಎಂದಿದ್ದರೂ ಒಳಗೆ ವಿಸ್ಕಿ, ರಮ್ಮಿನದೇ ದರ್ಬಾರು. ವೈನ್ ಮೇಲಿನ ಸಾಲಿನಲ್ಲಿ, ಟ್ಯೂಬ್‌ಲೈಟಿನ ಪಕ್ಕದಲ್ಲಿ ಧೂಳು ಹಿಡಿದು ಕೂತಿರುತ್ತದೆ. ಲೇಬಲ್ಲಿನ ವರ್ಷ ಕೊಯ್ಲಿನ ವರ್ಷ. ಬಿಳಿಯೂ ರೋಸೆಯೂ ಎರಡು ವರ್ಷಕ್ಕಿಂತ ಹಳತಾಗಿದ್ದರೆ ಬಿಟ್ಟುಬಿಡಿ. ಕತ್ತಿನ ಸುತ್ತ ಅಂಟು ಕಲೆ, ಉಬ್ಬಿದ ಬಿರಡೆ, ಇಳಿದ ಮಟ್ಟ, ಕಂದಿದ ಬಿಳಿ ವೈನ್, ಇವೆಲ್ಲ ಬಿಸಿ ತಿಂದ ಗುರುತು. ತಿರುಪು ಮುಚ್ಚಳದ ಬಾಟಲಿ ಕೀಳೆಂಬ ಭಾವನೆ ಇನ್ನೂ ಇದೆ. ಬೇಸಿಗೆಗೆ ಅದೇ ವಾಸಿ, ಬಿರಡೆ ಒಣಗಿ ಗಾಳಿ ನುಗ್ಗುವ ಚಿಂತೆಯಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಅನೇಕರಿಗೆ ವೈನ್ ಎಂದರೆ ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡುವ ಸಿಹಿ ಪೋರ್ಟ್. ಅದನ್ನೇ ನಿರೀಕ್ಷಿಸಿ ಬಂದ ಅತಿಥಿಯ ಕೈಗೆ ಒಣ, ಅಂದರೆ ಸಿಹಿಯಿಲ್ಲದ, ಸಾವಿನ್ಯೋನ್ ಕೊಟ್ಟರೆ ಮುಖ ಹುಳ್ಳಗಾಗುತ್ತದೆ. ಮೊದಲೇ ಕೇಳಿಬಿಡುವುದು ಮೇಲು. ಶೆನಿನ್‌ನಲ್ಲಿ ತುಸು ಸಿಹಿ ಉಳಿಸಿದ ಬಗೆ ಇಂಥವರನ್ನು ಕಾಪಾಡುತ್ತದೆ.

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಬೆರೆಸಿ ಎಣ್ಣೆಯಲ್ಲಿ ಗರಿಗರಿ ಕರಿದ ಈ ವಡೆಗೆ ಒಣ ಸ್ಪಾರ್ಕ್ಲಿಂಗಿಗಿಂತ ಒಳ್ಳೆಯ ಜೋಡಿ ಸಿಗದು. ಗುಳ್ಳೆ ಮತ್ತು ಹುಳಿ ಸೇರಿ ನಾಲಗೆಯ ಎಣ್ಣೆಪಸೆ ತೊಳೆಯುತ್ತವೆ, ಉಪ್ಪು ವೈನಿನ ಹುಳಿಯನ್ನು ಮೆತ್ತಗಾಗಿಸುತ್ತದೆ. ಮೈಸೂರು ತಲುಪಿ ವಡೆಯನ್ನು ಬಾಣಲೆಯಲ್ಲಿ ಒಣದಾಗಿ ಬಿಸಿ ಮಾಡಬೇಕು. ಮೈಕ್ರೊವೇವ್‌ನಲ್ಲಿಟ್ಟರೆ ರಬ್ಬರಾಗುತ್ತದೆ.

ಮಂಡ್ಯದ ಊಟ ವೈನಿಗೆ ನಿಜವಾದ ಪರೀಕ್ಷೆ. ಮುದ್ದೆ, ನಾಟಿ ಕೋಳಿ ಸಾರು, ಕೈಮ ಉಂಡೆ, ಮೆಣಸು, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಖಾರ ಕೆಂಪು ವೈನಿನ ಒಗರನ್ನು ಇನ್ನಷ್ಟು ಒರಟಾಗಿಸುತ್ತದೆ. ಹಾಗಾಗಿ ಆಲ್ಕೋಹಾಲ್ 14 ಶೇಕಡಾ ಮೀರಿದ, ಓಕ್ ಮರದ ಪೀಪಾಯಿಯಲ್ಲಿ ಮಾಗಿದ ದುಬಾರಿ ಕೆಂಪು ಕ್ಯಾಬರ್ನೆ ಇಲ್ಲಿ ದಂಡ. ತಣ್ಣನೆಯ ರೋಸೆ, ಇಲ್ಲವೇ ತುಸು ಸಿಹಿಯ ಶೆನಿನ್ ನಾಟಿ ಕೋಳಿಗೆ ಒಗ್ಗುತ್ತವೆ. ಮಳವಳ್ಳಿ ಕಡೆಯ ಬಂಡೂರು ಕುರಿಯ ಮಾಂಸ ಕೊಬ್ಬು ಹಿಡಿದು ಮೆತ್ತಗಿರುತ್ತದೆ. ಅದನ್ನು ಖಾರ ತಗ್ಗಿಸಿ ಹುರಿದಾಗ ಮಾತ್ರ ಶಿರಾಜಿಗೆ ಜಾಗ. ಇನ್ನು ಉಪ್ಪೆಸರು, ಬಸ್ಸಾರಿಗೆ ವೈನೇ ಬೇಡ, ಮಜ್ಜಿಗೆ ಕುಡಿಯಿರಿ.

ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರಿದಾಗ ಹೊರಗೆ 34 ಡಿಗ್ರಿ. ಮೊದಲ ಕೆಲಸ ಐಸ್. ಬಾಟಲಿಗೊಂದು ಕಿಲೋ ಎಂದು ಇಟ್ಟುಕೊಂಡು, ಕರಗುವುದಕ್ಕೆ ಎರಡು ಸೇರಿಸಿ ಎಂಟು ಕಿಲೋ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ಸರಿಯಾದದ್ದು: "ಕುಡಿಯೋಕೋ, ಮೀನಿಗೋ ಅಣ್ಣ?" ಫ್ಯಾಕ್ಟರಿಯ ಗಡ್ಡೆ ಐಸ್ ಬಾಟಲಿ ತಣಿಸಲು ಮಾತ್ರ, ಗ್ಲಾಸಿಗೆ ಬೀಳಕೂಡದು.

ಬಕೆಟ್ಟಿಗೆ ಬರೀ ಐಸ್ ತುಂಬುವುದು ಎಲ್ಲರೂ ಮಾಡುವ ತಪ್ಪು. ತುಂಡುಗಳ ನಡುವಿನ ಗಾಳಿ ತಂಪನ್ನು ದಾಟಿಸುವುದಿಲ್ಲ. ಅರ್ಧ ಐಸ್, ಅರ್ಧ ನೀರು, ಬಾಟಲಿ ಕತ್ತಿನ ತನಕ ಮುಳುಗಿರಬೇಕು. 30 ಡಿಗ್ರಿಯ ಬಿಳಿ ವೈನ್ ಹೀಗೆ ಅರ್ಧ ಗಂಟೆಯಲ್ಲಿ 8ಕ್ಕೆ ಇಳಿಯುತ್ತದೆ. ಎರಡು ಹಿಡಿ ಕಲ್ಲುಪ್ಪು ಹಾಕಿ ಆಗಾಗ ಬಾಟಲಿ ತಿರುಗಿಸಿದರೆ 20 ನಿಮಿಷ. ಫ್ರಿಜ್ಜಿನಲ್ಲಾದರೆ ಮೂರು ಗಂಟೆ, ಅದೂ ಮಜ್ಜಿಗೆ ಪಾತ್ರೆ, ದೋಸೆ ಹಿಟ್ಟಿನ ನಡುವೆ ಜಾಗ ಸಿಕ್ಕರೆ. ಫ್ರೀಜರಿನಲ್ಲಿಟ್ಟು ಮರೆತ ಸ್ಪಾರ್ಕ್ಲಿಂಗ್ ಒಡೆದು ಇಡೀ ಫ್ರೀಜರ್ ಗಾಜಾಗುತ್ತದೆ.

ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕೊಡಬೇಕು ಎಂಬ ನಿಯಮ ಯುರೋಪಿನ ತಣ್ಣನೆಯ ಕಲ್ಲುಮನೆಗಳದ್ದು. ಅಲ್ಲಿನ ಕೋಣೆ ಎಂದರೆ 16–18 ಡಿಗ್ರಿ. ಸರಸ್ವತಿಪುರಂನ ತಾರಸಿ ಮನೆಯಲ್ಲಿ ಸಂಜೆ ಏಳಕ್ಕೂ 30 ಇರುತ್ತದೆ. ಆ ತಾಪದಲ್ಲಿ ಶಿರಾಜ್ ಮೂಗಿಗೆ ಸ್ಪಿರಿಟ್ಟಿನಂತೆ ಹೊಡೆಯುತ್ತದೆ. ಐಸ್ ನೀರಿನಲ್ಲಿ 10–12 ನಿಮಿಷ, ಇಲ್ಲವೇ ಫ್ರಿಜ್ಜಿನಲ್ಲಿ ಒಂದೂಕಾಲು ಗಂಟೆ ಇಟ್ಟರೆ 16ಕ್ಕೆ ಬರುತ್ತದೆ. ರೋಸೆಗೆ 10, ಸ್ಪಾರ್ಕ್ಲಿಂಗಿಗೆ 6ರಿಂದ 8. ಒಣ ಹವೆಯ ದಿನ ಒದ್ದೆ ಬಟ್ಟೆ ಸುತ್ತಿ ಫ್ಯಾನಿನೆದುರು ಇಟ್ಟರೂ ಕೆಲವು ಡಿಗ್ರಿ ಇಳಿಯುತ್ತದೆ. ಏಪ್ರಿಲ್ ಸಂಜೆ ಮಳೆ ಬಿದ್ದು ಹವೆ ತೇವವಾದರೆ ಆ ಉಪಾಯ ನಡೆಯದು, ನೀರು ಆರುವುದೇ ಇಲ್ಲ.

ಬಾಳೆಎಲೆ ಊಟದಲ್ಲಿ ಒಂದೊಂದು ಪದಾರ್ಥಕ್ಕೆ ಒಂದೊಂದು ವೈನ್ ಎಂಬ ಲೆಕ್ಕ ನಡೆಯುವುದಿಲ್ಲ. ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಗೊಜ್ಜು, ಮಜ್ಜಿಗೆ ಹುಳಿ ಎಲ್ಲವೂ ಎಲೆಯ ಮೇಲೆ ಒಟ್ಟಿಗೇ ಇರುತ್ತವೆ. ಎಲೆಯಲ್ಲಿ ಅತಿ ಜೋರಾಗಿರುವ ರುಚಿ ಯಾವುದು ಎಂದು ನೋಡಿ ಅದಕ್ಕೆ ಆರಿಸಬೇಕು, ಉಳಿದವು ಹೊಂದಿಕೊಳ್ಳುತ್ತವೆ. ಸಸ್ಯಾಹಾರಿ ಎಲೆಯಲ್ಲಿ ಅದು ಹುಣಸೆ ಅಥವಾ ಮಾವಿನ ಹುಳಿ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ನೀರಾಗುತ್ತದೆ. ಸಾವಿನ್ಯೋನ್ ಎರಡು ಬಾಟಲಿ ತಂದದ್ದು ಇದಕ್ಕೇ. ತೆಂಗಿನಕಾಯಿ ಹೆಚ್ಚಾದ ಪಲ್ಯ, ಸಾಗು ಇದ್ದರೆ ಶೆನಿನ್. ಮೈಸೂರು ಪಾಕ್ ಬಂದಾಗ ಗ್ಲಾಸು ಪಕ್ಕಕ್ಕಿಡಿ. ಸಿಹಿತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಮೈಸೂರು ಪಾಕನ್ನು ಮೀರಿಸುವ ವೈನ್ ಎಲ್ಲಿದೆ? ಬಾದಾಮಿ ಮಾವಿನ ಹೋಳುಗಳಿಗಾದರೆ ತಡಕೊಯ್ಲಿನ (ತಡವಾಗಿ ಕೊಯ್ದ ದ್ರಾಕ್ಷಿಯ) ಸಿಹಿ ಶೆನಿನ್ ಜೋಡಿಯಾಗುತ್ತದೆ, 60 ಮಿಲಿ ಸಾಕು.

ಸ್ಪಾರ್ಕ್ಲಿಂಗ್ ದಾರಿಯಲ್ಲಿ ಕುಲುಕಿರುವುದರಿಂದ ಕೆಲವು ಗಂಟೆ ತಣ್ಣಗೆ ನಿಲ್ಲಿಸಿಯೇ ತೆಗೆಯಬೇಕು. ತಂತಿಯನ್ನು ಆರು ಅರೆಸುತ್ತು ಬಿಚ್ಚುವಾಗಲೇ ಹೆಬ್ಬೆರಳು ಬಿರಡೆಯ ಮೇಲಿರಲಿ. ಬಾಟಲಿ ಓರೆಯಾಗಿ, ಯಾರ ಮುಖದತ್ತಲೂ ಇಲ್ಲದಂತೆ. ಬಿರಡೆಯನ್ನು ಬಿಗಿಹಿಡಿದು ಬಾಟಲಿಯನ್ನು ತಿರುಗಿಸಬೇಕು. ಪಟಾಕಿಯಂತೆ ಸದ್ದು ಬಂದರೆ ಅರ್ಧ ಗ್ಲಾಸು ನೆಲಕ್ಕೆ ಹೋಯಿತೆಂದೇ ಅರ್ಥ.

ಗ್ಲಾಸಿಗೆ ಮೂರನೇ ಒಂದು ಭಾಗ ಮಾತ್ರ ಸುರಿದು ಬಾಟಲಿಯನ್ನು ಮತ್ತೆ ಬಕೆಟ್ಟಿಗಿಡಿ, ಮೈಸೂರಿನ ಸೆಕೆಯಲ್ಲಿ ತುಂಬಿದ ಗ್ಲಾಸು ಕಾಲು ಗಂಟೆಯಲ್ಲಿ ಬೆಚ್ಚಗಾಗುತ್ತದೆ. ಸ್ಟೀಲ್ ಲೋಟ ಬೇಡ, ಕೈಯ ಬಿಸಿ ಬೇಗ ದಾಟುತ್ತದೆ. ಪ್ರತಿಯೊಬ್ಬರ ಪಕ್ಕ ನೀರಿನ ಲೋಟ ಇರಲೇಬೇಕು. ಮೇಜಿನ ಮೇಲೆ ಮೈಸೂರು ಮಲ್ಲಿಗೆ ಹರಡುವುದು ಅಂದವೇನೋ ಹೌದು. ಆದರೆ ಆ ಘಮದೆದುರು ಸಾವಿನ್ಯೋನಿನ ಪರಿಮಳ ಸೋಲುತ್ತದೆ. ಹೂವು ಹೊರಗಿನ ಜಗುಲಿಯಲ್ಲಿರಲಿ, ಊದುಬತ್ತಿಯೂ ಅಲ್ಲೇ.

ಉಳಿದದ್ದನ್ನು ಅಂದೇ ರಾತ್ರಿ ಮುಚ್ಚಳ ಬಿಗಿದು, ಕೆಂಪನ್ನೂ ಸೇರಿಸಿ, ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ. ಬಿಳಿ, ರೋಸೆ, ಕೆಂಪು ಎರಡು ಮೂರು ದಿನ ತಡೆಯುತ್ತವೆ. ಸ್ಪಾರ್ಕ್ಲಿಂಗಿಗೆ ಅದರದೇ ಕ್ಲಿಪ್ ಮುಚ್ಚಳವಿದ್ದರೆ ಒಂದು ದಿನ. ಬಾಟಲಿಯ ಬಾಯಿಗೆ ಚಮಚ ತೂಗುಹಾಕಿದರೆ ಗುಳ್ಳೆ ಉಳಿಯುತ್ತದೆ ಎನ್ನುವುದು ಸುಳ್ಳು. ಗಾಳಿ ಕಡಿಮೆ ತಾಗಲೆಂದು ಅರ್ಧ ಉಳಿದ ವೈನನ್ನು ಸಣ್ಣ ಸೋಡಾ ಬಾಟಲಿಗೆ ಕಂಠಪೂರ್ತಿ ತುಂಬಿಟ್ಟರೆ ಇನ್ನೆರಡು ದಿನ ಹೆಚ್ಚು ಬಾಳುತ್ತದೆ. ಬಾಟಲಿ ಚೆನ್ನಾಗಿ ತೊಳೆದು ಆರಿಸಿದ್ದಿರಬೇಕು, ಒಳಗೆ ಜೀರಾ ಸೋಡಾದ ವಾಸನೆ ಉಳಿದಿರಬಾರದು.