ಬಚ್ಚಲುಮನೆ ಗೋಡೆಗೆ ಚಿತ್ರ ಹಾಕಿದರೆ ಹಾಳಾಗೋದಿಲ್ವಾ?

ನಮ್ಮ ಬಚ್ಚಲುಮನೆಗೆ ಹೋಗಿಬಂದವರೆಲ್ಲ ಇದನ್ನು ಕೇಳುತ್ತಾರೆ. ಅಲ್ಲಿ ಮೂರು ಹಳ್ಳಿ ಚಿತ್ರಗಳಿವೆ: ಒಂದು ಹುಂಜ, ಒಂದು ಹಸು, ಒಂದು ಹಿಡಿ ಕಾಡುಹೂ. ಮೂರಕ್ಕೂ ಒರಟು ಮರದ ಫ್ರೇಮ್.

ಹಾಳಾಗುತ್ತದೆ, ಹಬೆ ಒಳಗೆ ಹೋದರೆ. ಕಾಗದ ತೇವ ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಾ ಹೀಗೇ ಆದರೆ ಅಲೆಅಲೆಯಾಗಿ ಏಳುತ್ತದೆ. ಆಮೇಲೆ ಬೂಸ್ಟು. ನಾನು ಮೊದಲು ಹಾಕಿದ್ದು ಜಲವರ್ಣದ ಒಂದು ಹಸು. ಗಾಜು ಫಳಫಳ ಅನ್ನುತ್ತಿತ್ತು. ಒಂದು ದಿನ ಧೂಳು ಒರೆಸಲು ಇಳಿಸಿ ತಿರುಗಿಸಿದರೆ, ಹಿಂದಿನ ರಟ್ಟಿನ ತುಂಬ ಕಪ್ಪು ಚುಕ್ಕೆ. ತುಂಬಾ ಸಂಕಟವಾಯಿತು.

ಅಂದಿನಿಂದ ಫ್ರೇಮಿನ ಬೆನ್ನಿನ ಮೇಲೇ ನನ್ನ ಗಮನ ಜಾಸ್ತಿ. ಗಾಜು, ಚಿತ್ರ, ಹಿಂದಿನ ರಟ್ಟು ಮೂರನ್ನೂ ಜೋಡಿಸಿ, ಅಂಚಿಗೆ ಸುತ್ತಲೂ ಟೇಪ್ ಹಚ್ಚುತ್ತೇನೆ. ಈ ಕೆಲಸ ಚೆನ್ನಾಗಿ ಬಿಸಿಲಿರುವ ದಿನವೇ ಆಗಬೇಕು. ಮಳೆ ದಿನ ಮಾಡಿದರೆ ತೇವವನ್ನು ನಾವೇ ಒಳಗೆ ಕೂಡಿಹಾಕಿದ ಹಾಗೆ, ಅಲ್ವಾ? ಚಿತ್ರದ ಸುತ್ತ ದಪ್ಪ ರಟ್ಟಿನ ಅಂಚು ಇದ್ದರೆ ಚಿತ್ರ ಗಾಜಿಗೆ ಅಂಟುವುದಿಲ್ಲ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದೆ ಪುಟ್ಟ ರಬ್ಬರ್ ಬಿಲ್ಲೆ ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ.

ಗಾಜಿನ ಬದಲು ಅಕ್ರಿಲಿಕ್ ಹಾಳೆ ನನಗೆ ಇಷ್ಟ. ಹಗುರ, ಬಿದ್ದರೂ ಚೂರಾಗುವುದಿಲ್ಲ. ಬರಿಗಾಲಲ್ಲಿ ಓಡಾಡುವ ಜಾಗವದು. ಫ್ರೇಮು ಗಟ್ಟಿ ಮರದ್ದಿರಲಿ, ಹಿಂಬದಿಗೂ ವಾರ್ನಿಷ್ ಬೀಳಲಿ. ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ನೀರು ಕುಡಿದು ಊದಿಕೊಳ್ಳುತ್ತದೆ.

ಶವರಿನ ಎದುರು ಗೋಡೆ ಬೇಡ. ಬಾಗಿಲ ಪಕ್ಕದ್ದು ಒಳ್ಳೆಯದು. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ನಿಂತವರ ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಸ್ನಾನ ಮುಗಿದ ಮೇಲೂ 20 ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಲಿ.

ಇಷ್ಟೆಲ್ಲ ಯಾಕೆ ಅನ್ನಬಹುದು. ಬಚ್ಚಲಲ್ಲಿ ಇರುವುದೆಲ್ಲ ತಣ್ಣಗೆ, ನುಣ್ಣಗೆ: ಟೈಲ್ಸ್, ಸ್ಟೀಲು, ಕನ್ನಡಿ. ಅದರ ನಡುವೆ ಒರಟು ಮರ, ಮಣ್ಣಿನ ಬಣ್ಣ, ಸುಮ್ನೆ ನಿಂತ ಒಂದು ಹಸು. ಬೆಳಿಗ್ಗೆ ಹಲ್ಲುಜ್ಜುವಾಗ ಅದನ್ನು ನೋಡುವುದೇ ಒಂದು ಹಿತ. ಹಳ್ಳಿ ಚಿತ್ರಕ್ಕೆ ಇನ್ನೊಂದು ಅನುಕೂಲ, ಬಣ್ಣ ತುಸು ಮಾಸಿದರೂ ಅಂದ ಕೆಡುವುದಿಲ್ಲ.

ಆದರೆ ಕೈಯಲ್ಲಿ ಬರೆದ ಮೂಲ ಚಿತ್ರವನ್ನು ದಯವಿಟ್ಟು ಅಲ್ಲಿ ಹಾಕಬೇಡಿ. ಪ್ರತಿ ಮಾಡಿಸಿ, ಪಿಗ್ಮೆಂಟ್ ಶಾಯಿಯಲ್ಲಿ (ನೀರಲ್ಲಿ ಕರಗದ ಬಣ್ಣದ ಕಣಗಳಿರುವ ಪ್ರಿಂಟರ್ ಶಾಯಿ). ಅದು ತೇವವನ್ನು ಚೆನ್ನಾಗಿ ತಡೆಯುತ್ತದೆ. ಈಗ ನಮ್ಮ ಗೋಡೆಯಲ್ಲಿರುವ ಹಸುವೂ ಪ್ರತಿಯೇ. ಹಳೆಯದರ ಫೋಟೊ ಒಂದು ಉಳಿದಿತ್ತು.