23 ಕಿಲೋದೊಳಗೆ

ತೂಕ ನೋಡುವ ಮೆಷಿನ್ ಮೇಲೆ ಸೂಟ್‌ಕೇಸ್ ಇಟ್ಟರೆ ಅಂಕಿ ಕಾಣುವುದಿಲ್ಲ. ಸೂಟ್‌ಕೇಸೇ ಅದನ್ನು ಮುಚ್ಚಿಬಿಡುತ್ತದೆ. ಹಾಗಾಗಿ ನಾನು ಸೂಟ್‌ಕೇಸನ್ನು ಎದೆಗವಚಿಕೊಂಡು ಮೆಷಿನ್ ಮೇಲೆ ನಿಲ್ಲಬೇಕು. ಮಗಳು ನೆಲದ ಮೇಲೆ ಕೂತು, ಬಗ್ಗಿ ಅಂಕಿ ಓದಬೇಕು. ಆಮೇಲೆ ಅದರಲ್ಲಿ ನನ್ನ ತೂಕ ಕಳೆಯಬೇಕು. ಮೊದಲ ಸಲ 111.9 ಬಂತು. ನನ್ನದು 81. ಅಂದರೆ ಪೆಟ್ಟಿಗೆ 30.9.

"81 ಯಾವಾಗ ಆತ್ರೀ? ಡಾಕ್ಟರ್ ಮುಂದ 78 ಅಂದಿದ್ರಿ," ಅಂತ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ನಾನು ಮಾತಾಡಲಿಲ್ಲ. ಪೆಟ್ಟಿಗೆಯಿಂದ ಎಂಟು ಕಿಲೋ ತೆಗೆಯಬೇಕಿತ್ತು. ಅದು ಮಹಾಲಯ ಅಮಾವಾಸ್ಯೆಯ ಭಾನುವಾರ. ಬುಧವಾರ ರಾತ್ರಿ ಮಗಳ ವಿಮಾನ. ನಿಜವಾಗಿ ಅವಳು ಒಂದು ವಾರ ಮೊದಲೇ ಹೊರಡುವವಳಿದ್ದಳು. "ಪಕ್ಷಮಾಸದಾಗ ಯಾರರೆ ಊರು ಬಿಡ್ತಾರೇನು?" ಅಂತ ಧಾರವಾಡದಿಂದ ಅವಳ ಅಜ್ಜಿ ಫೋನ್ ಮಾಡಿದ್ದೇ ಮಾಡಿದ್ದು. ಟಿಕೆಟ್ ನವರಾತ್ರಿಗೆ ಬಂದು ನಿಂತಿತು.

ನಾವು ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ನಾನು ಕುಂದಾಪುರದ ಕಡೆಯವನು, ಹೆಂಡತಿ ಧಾರವಾಡದವಳು, ಮಗಳು ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅವಳ ಕನ್ನಡದಲ್ಲಿ ನಮ್ಮಿಬ್ಬರ ಊರೂ ಸ್ವಲ್ಪ ಸ್ವಲ್ಪ ಇದೆ, ಮಧ್ಯೆ ಮರಾಠಿ ಜಾಸ್ತಿ ಇದೆ. ಈಗ ಹೊರಟಿರುವುದು ಜರ್ಮನಿಯ ಟ್ಯೂಬಿಂಗೆನ್‌ಗೆ, ಎಂಎಸ್ಸಿ ಮಾಡಲು. ಓದುವ ವಿಷಯ ನೆಲ, ನೀರು, ಅಂತರ್ಜಲ. ಅದಕ್ಕೂ ಡೊಂಬಿವಲಿಯೇ ಕಾರಣ ಇರಬೇಕು. 2014ರಲ್ಲಿ ಇಲ್ಲಿ ಹಸಿರು ಮಳೆ ಬಿದ್ದಿತ್ತು. 2020ರಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನಾವೆಲ್ಲ ಅದರ ಫೋಟೋ ಕಳಿಸಿ ನಕ್ಕೆವು. ಮಗಳು ಮಾತ್ರ, "ಆ ಬಣ್ಣ ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತೆ ಅಪ್ಪ?" ಅಂತ ಕೇಳಿದ್ದಳು. ಗಟಾರಕ್ಕೆ ಅಂದಿದ್ದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಟ್ಯೂಬಿಂಗೆನ್ ಅಂದ ಕೂಡಲೇ ನನಗೆ ನೆನಪಾದದ್ದು ಕಿಟೆಲ್. ನಮ್ಮ ಕನ್ನಡ ನಿಘಂಟಿನ ಕಿಟೆಲ್. 1894ರಲ್ಲಿ ಮಂಗಳೂರಿನಲ್ಲಿ ಆ ದೊಡ್ಡ ನಿಘಂಟು ಅಚ್ಚಾಯಿತು. ಆಮೇಲೆ ಅವರಿಗೆ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. ಇದನ್ನೆಲ್ಲ ಬಹಳ ಉತ್ಸಾಹದಿಂದ ಹೇಳಿದೆ. ಮಗಳು ಪೂರ್ತಿ ಕೇಳಿಸಿಕೊಂಡು, "ಅಪ್ಪ, ಅವರಿದ್ದ ಮನೆ ಬಾಡಿಗೆಗೆ ಸಿಗುತ್ತಾ ಕೇಳು. ಹಾಸ್ಟೆಲ್ ವೇಟಿಂಗ್ ಲಿಸ್ಟ್ ದೊಡ್ಡದಿದೆ" ಅಂದಳು.

ಕಾಗದ ಪತ್ರದ ಕತೆ ಹೇಳಿದರೆ ಅದೇ ಒಂದು ಪುರಾಣ. ಎಪಿಎಸ್ ಅಂತ ಒಂದು ಸರ್ಟಿಫಿಕೇಟ್ ಇದೆ. ನಮ್ಮ ಅಂಕಪಟ್ಟಿಗಳು ಅಸಲಿ ಅಂತ ದಿಲ್ಲಿಯ ಕಚೇರಿಯೊಂದು ನೋಡಿ ಕೊಡಬೇಕು. 2022ರ ನವೆಂಬರ್‌ನಿಂದ ಅದಿಲ್ಲದೆ ವೀಸಾ ಇಲ್ಲ. ಅದು ಸಲೀಸಾಗಿ ಬಂತು. ನಾವು ಸಿಕ್ಕಿಹಾಕಿಕೊಂಡದ್ದು ಹೆಸರಿನಲ್ಲಿ.

ಮಗಳನ್ನು ಇಲ್ಲಿ ಶಾಲೆಗೆ ಸೇರಿಸುವಾಗ ಕ್ಲರ್ಕ್, "ಆಡನಾವ್ ಕಾಯ್?" ಅಂತ ಕೇಳಿದ್ದ. ಆಡನಾವ್ ಅಂದರೆ ಸರ್‌ನೇಮ್. ನಮ್ಮಲ್ಲಿ ಅದೆಲ್ಲಿದೆ? ಊರಿನ ಹೆಸರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಆಮೇಲೆ ನಾವು. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ನನ್ನ ಹಿಂದೆ ಉದ್ದ ಸಾಲಿತ್ತು. ನಾನು ಗಡಿಬಿಡಿಯಲ್ಲಿ ಊರಿನ ಹೆಸರು ಹೇಳಿಬಿಟ್ಟೆ. ಅವತ್ತಿನಿಂದ ಊರಿನ ಹೆಸರು ಮೊದಲು, ಮಗಳು ಆಮೇಲೆ. ನನ್ನ ಪಾಸ್‌ಪೋರ್ಟಿನಲ್ಲಿ ಊರೇ ಇಲ್ಲ, ನನ್ನ ಅಪ್ಪ ಇದ್ದಾರೆ.

ಜರ್ಮನಿಗೆ ಹೋಗುವ ವಿದ್ಯಾರ್ಥಿ ಒಂದು ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಈಗ ಅದು 11,904 ಯೂರೋ, ಹತ್ತಿರ ಹತ್ತಿರ ಹನ್ನೆರಡು ಲಕ್ಷ ರೂಪಾಯಿ. ಅಲ್ಲಿ ಹೋದ ಮೇಲೆ ಅದರಿಂದಲೇ ತಿಂಗಳಿಗೆ 992 ಯೂರೋ ಅವಳ ಕೈಗೆ ಬರುತ್ತದೆ. "ಅಂದ್ರ ನಮ್ಮ ರೊಕ್ಕಾನ ಅವ್ರು ಅಕೀಗೆ ಪಗಾರ ಕೊಟ್ಹಂಗ ಕೊಡ್ತಾರ," ಅಂದಳು ಹೆಂಡತಿ. ಇದಕ್ಕಿಂತ ಚೆನ್ನಾಗಿ ಯಾವ ಏಜೆಂಟನೂ ವಿವರಿಸಿರಲಿಲ್ಲ. ಇದರ ಮೇಲೆ ಫೀಸು ಬೇರೆ. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ಅಂದರೆ ಹೆಚ್ಚಿನ ಕಡೆ ಫೀಸಿಲ್ಲ. ನಮ್ಮವಳು ಆರಿಸಿಕೊಂಡ ರಾಜ್ಯದಲ್ಲಿ ಮಾತ್ರ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ!

ಪಿಎಫ್‌ನಿಂದ ದುಡ್ಡು ತೆಗೆದು, ಕಳಿಸಲು ಬ್ಯಾಂಕಿಗೆ ಹೋದೆ. ಫಾರಂ ಎರಡು ಸಲ ವಾಪಸ್ ಬಂತು. ಮೊದಲ ಸಲ ಕಾರಣ ಹೇಳಲಿಲ್ಲ. ಎರಡನೇ ಸಲ ಕೌಂಟರಿನ ಹುಡುಗ ಎರಡೂ ಪಾಸ್‌ಪೋರ್ಟ್ ಪಕ್ಕಪಕ್ಕ ಇಟ್ಟು, "ಸರ್, ಸರ್‌ನೇಮ್ ಮ್ಯಾಚ್ ಆಗ್ತಿಲ್ಲ. ಇವರು ನಿಮ್ಮ ಮಗಳೇ ಅಂತ ಹೇಗೆ ಗೊತ್ತಾಗಬೇಕು?" ಅಂದ. ಅವನ ತಪ್ಪಲ್ಲ, ಬಿಡಿ. ಆದರೂ 22 ವರ್ಷ ಸಾಕಿದ ಮೇಲೆ ಈ ಪ್ರಶ್ನೆ ಕೇಳಿಸಿಕೊಳ್ಳುವಾಗ ಒಂದು ಥರ ಆಗುತ್ತದೆ. ಕೊನೆಗೆ ಸ್ಟೇಷನ್ ಹತ್ತಿರದ ನೋಟರಿ ಮುಂದೆ ನಿಂತು, ನನ್ನ ಮಗಳಿಗೆ ನಾನೇ ಅಪ್ಪ ಅಂತ ಅಫಿಡವಿಟ್ ಮಾಡಿಸಿಕೊಂಡು ಬಂದೆ. ದುಡ್ಡು ಹೋಯಿತು. ಹತ್ತು ಲಕ್ಷ ದಾಟಿದ್ದಕ್ಕೆ ಆಗಿನ ಶೇಕಡಾ 5ರ ಲೆಕ್ಕದಲ್ಲಿ ಟಿಸಿಎಸ್ ಅನ್ನುವ ತೆರಿಗೆಯೂ ಹೋಯಿತು.

ಇರಲಿ, ಪೆಟ್ಟಿಗೆಗೆ ಬರುತ್ತೇನೆ. ಟಿಕೆಟ್ಟಿನಲ್ಲಿ 23 ಕಿಲೋದ ಎರಡು ಪೆಟ್ಟಿಗೆಗೆ ಅವಕಾಶ ಇತ್ತು. ಬಟ್ಟೆಯ ಪೆಟ್ಟಿಗೆಯನ್ನು ಮಗಳೇ ಅರ್ಧ ಗಂಟೆಯಲ್ಲಿ ತುಂಬಿ ಮುಗಿಸಿದ್ದಳು. ಜಗಳವೆಲ್ಲ ಅಡುಗೆ ಪೆಟ್ಟಿಗೆಯದು.

ಮೊದಲು ಹೊರಗೆ ಬಂದದ್ದು ತುಪ್ಪ. ಯುರೋಪಿನ ಒಕ್ಕೂಟದ ದೇಶಗಳಿಗೆ ನಮ್ಮಂಥ ಹೊರಗಿನವರು ಮಾಂಸ, ಹಾಲು, ಹಾಲಿನ ಪದಾರ್ಥ ತರುವ ಹಾಗಿಲ್ಲ. ಮಗಳು ಮೊಬೈಲಿನಲ್ಲಿ ನಿಯಮ ಓದಿ ಹೇಳುತ್ತಿದ್ದಳು. ಹೆಂಡತಿ ಒಂದು ಕಿಲೋ ತುಪ್ಪದ ಡಬ್ಬಿ ಹಿಡಿದು ನಿಂತಿದ್ದಳು. "ತುಪ್ಪ ಹಾಲಾ? ಬೆಣ್ಣಿ ಕಾಸೀನಿ. ಹಾಲಿಂದು ಏನೂ ಉಳಿದಿಲ್ಲ ಇದ್ರಾಗ." ವಾದ ಚೆನ್ನಾಗಿತ್ತು. ಆದರೆ ಕಸ್ಟಮ್ಸ್‌ನವರಿಗೆ ಧಾರವಾಡದ ಕನ್ನಡ ಬರಬೇಕಲ್ಲ.

ತುಪ್ಪ ಹೋದರೆ ಪೇಡೆಯೂ ಹೋಗಬೇಕು. ಅಜ್ಜಿ ಎರಡು ಕಿಲೋ ಧಾರವಾಡ ಪೇಡೆ ಕೊಂಡು, ಬಸ್ಸಿಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದ್ದರು. ಅದನ್ನು ಫೋನಿನಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ಪೇಡೆ ತಿಂದ್ರ ಪೊಲೀಸರು ಹಿಡೀತಾರೇನ್ರಿ ಅಲ್ಲಿ?"

"ತಿಂದ್ರೆ ಹಿಡಿಯಲ್ಲ ಅತ್ತೆ, ತಗೊಂಡು ಹೋದ್ರೆ ಬಿಸಾಡ್ತಾರೆ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹಂಗಾರ ನೀವ ತಿನ್ರಿ," ಅಂದರು. ದನಿಯಲ್ಲಿ ಅಷ್ಟೇನೂ ಪ್ರೀತಿ ಇರಲಿಲ್ಲ.

ಇಷ್ಟು ಹೊತ್ತು ಸೋತದ್ದು ಧಾರವಾಡ. ಈಗ ಕುಂದಾಪುರದ ಸರದಿ. ನಮ್ಮ ಕಡೆ ತೆಂಗಿನಕಾಯಿ ಇಲ್ಲದೆ ಅಡುಗೆ ಇಲ್ಲ. ಹಸಿ ಕಾಯಿ ಬೇಡ, ಒಣ ಕೊಬ್ಬರಿ ಆದರೂ ಇರಲಿ ಅಂತ ಮಾಟುಂಗದ ಮಾರ್ಕೆಟ್ಟಿನಿಂದ ನಾನೇ ನೋಡಿ ಆರಿಸಿ ತಂದಿದ್ದೆ. ಅದು ಜರ್ಮನಿಯವರೆಗೆ ಹೋಗುವುದೇ ಬೇಡ, ನಮ್ಮ ಏರ್‌ಪೋರ್ಟಿನಲ್ಲೇ ಬಿಡುವುದಿಲ್ಲವಂತೆ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಗೆ ಬೆಂಕಿ ಹತ್ತಬಹುದು ಅಂತ 2022ರಿಂದ ಚೆಕ್‌ಇನ್ ಬ್ಯಾಗಿನಲ್ಲಿ ನಿಷೇಧ. ಕೊಬ್ಬರಿಗೆ ಬೆಂಕಿ ಹತ್ತುತ್ತದೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ಊರಲ್ಲಿ ನಮ್ಮ ಬಚ್ಚಲೊಲೆಗೆ ಕರಟ ಹಾಕುತ್ತಿದ್ದೆವು. ಆದರೂ ಅದನ್ನು ಅಪಾಯದ ವಸ್ತು ಅಂತ ಪಟ್ಟಿಯಲ್ಲಿ ನೋಡಿದಾಗ ಸಂಬಂಧಿಕರ ಹೆಸರು ಠಾಣೆಯಲ್ಲಿ ಕಂಡ ಹಾಗಾಯಿತು. ಇವಳ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಎರಡೂ ಪಾಸಾದವು. ಇವಳು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ಹಸಿ ಕರಿಬೇವಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕಂತೆ. ನೆರಳಲ್ಲಿ ಒಣಗಿಸಿ ಪುಡಿ ಮಾಡಿದೆವು.

ಮಧ್ಯಾಹ್ನ ಎದುರು ಮನೆಯ ಕಾಕು ಮೆತಕೂಟದ ಪೊಟ್ಟಣ ಹಿಡಿದು ಬಂದರು. ಬಿಸಿ ಅನ್ನಕ್ಕೆ ಕಲಸಿಕೊಂಡು ತಿನ್ನುವ ಪುಡಿ. ಅರ್ಧ ಕಿಲೋ ಇತ್ತು. ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಈ ಹುಡುಗಿ ನಡೆಯಲು ಕಲಿತದ್ದೇ ಅವರ ಮನೆಯ ಬಾಗಿಲು ಹಿಡಿದು. ಕಾಕು ಹೋಗುವಾಗ ಪೇಡೆಯ ಒಂದು ಡಬ್ಬಿ ಅವರಿಗೆ ಕೊಟ್ಟೆವು. ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಧಾರವಾಡ ಪೇಡೆ ಮುಟ್ಟಿತು.

ಆಮೇಲೆ ಸಿಕ್ಕಿತು ಸುತ್ತಿಗೆ.

ಮಗಳು ಟವೆಲಿನಲ್ಲಿ ಸುತ್ತಿ ತಳದಲ್ಲಿ ಇಟ್ಟಿದ್ದಳು. ಕಲ್ಲು ಒಡೆಯುವ ಸುತ್ತಿಗೆ, ಒಂದು ಕಡೆ ಚೌಕ, ಇನ್ನೊಂದು ಕಡೆ ಕೊಕ್ಕಿನ ಹಾಗೆ ಚೂಪು. ಕಾಲೇಜಿನ ಫೀಲ್ಡ್ ಟ್ರಿಪ್ಪುಗಳಿಗೆಲ್ಲ ಒಯ್ದದ್ದು. ಹಿಡಿಕೆಯ ನೀಲಿ ರಬ್ಬರ್ ಅವಳ ಹೆಬ್ಬೆರಳು ಕೂರುವ ಜಾಗದಲ್ಲಿ ಸವೆದಿತ್ತು. ತೂಕ 900 ಗ್ರಾಂ.

"ಜರ್ಮನಿಯೊಳಗ ಸುತ್ತಿಗಿ ಸಿಗೂದಿಲ್ಲೇನು? ಅಷ್ಟೆಲ್ಲಾ ಕಾರು ಮಾಡ್ತಾರ," ಅಂದಳು ಇವಳು.

"ಸಿಗುತ್ತೆ ಅಮ್ಮ. ಚಟ್ನಿಪುಡೀನೂ ಸಿಗುತ್ತೆ."

ಅಲ್ಲಿಗೆ ಸುತ್ತಿಗೆಯ ಮಾತು ನಿಂತಿತು. ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡದೆ ಬಟ್ಟೆ ಮಡಚಿದರು.

ನಾನು ಆ ಹೊತ್ತಿಗೆ ಕಪಾಟಿನಿಂದ ಹಳೆಯ ಫೈಲುಗಳನ್ನು ಇಳಿಸಿದೆ. ಮಗಳ ಜನನ ಪ್ರಮಾಣಪತ್ರದ ಇನ್ನೊಂದು ಪ್ರತಿ ಬೇಕಿತ್ತು. ಹುಡುಕುವಾಗ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅವಳ ಕೈಗೆ ಸಿಕ್ಕಿತು. "ಇದೇನು ಅಪ್ಪ, ರಕ್ತಾನಾ?"

ಕಾಗದದ ಎಡಗಡೆ ಅರ್ಧಕ್ಕೆ ಕಂದು ಕಲೆ. ಗಣಿತದ ಅಂಕದ ಮೇಲೆ ಹಾದು ಕೆಳಗೆ ಇಳಿದಿದೆ. ರಕ್ತ ಅಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ.

1991ರಲ್ಲಿ ನಾನು ಪಿಯುಸಿ ಮುಗಿಸಿ ಬೊಂಬಾಯಿಗೆ ಬಂದೆ. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಓಡಿದ್ದು 1998ಕ್ಕೆ. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ತಗಡಿನ ಟ್ರಂಕಿನಲ್ಲಿ ಎರಡು ಜೊತೆ ಬಟ್ಟೆ, ಸರ್ಟಿಫಿಕೇಟು, ಹಾರ್ಲಿಕ್ಸ್ ಬಾಟಲಿಯಲ್ಲಿ ಅಮ್ಮ ಹಾಕಿಕೊಟ್ಟ ಮಿಡಿ ಉಪ್ಪಿನಕಾಯಿ. ನಮ್ಮ ಮಿಡಿಗೆ ಎಣ್ಣೆ ಹಾಕುವುದಿಲ್ಲ, ಎಲ್ಲ ಉಪ್ಪುನೀರು, ಸಾಸಿವೆ, ಮೆಣಸಿನ ರಸ. ಗೋವಾದ ಘಾಟಿಯಲ್ಲೋ ಎಲ್ಲೋ ಬಾಟಲಿ ಒಡೆಯಿತು. ಮಾವನ ಹೋಟೆಲಿಗೆ ಬಂದು ಟ್ರಂಕ್ ತೆರೆದರೆ ಬಟ್ಟೆಗೂ ಸರ್ಟಿಫಿಕೇಟಿಗೂ ಒಂದೇ ಬಣ್ಣ. ಹಗಲು ಗಲ್ಲೆಯಲ್ಲಿ ಕೂತು, ರಾತ್ರಿ ಕಾಲೇಜು ಮಾಡಿ, ಫೋರ್ಟಿನ ಕಚೇರಿಯೊಂದಕ್ಕೆ ಇಂಟರ್‌ವ್ಯೂಗೆ ಹೋದಾಗ ಅಲ್ಲಿನ ಸಾಹೇಬರು ಅಂಕಪಟ್ಟಿಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದರು. ಕೆಲಸ ಕೊಟ್ಟರು, ಅದು ಬೇರೆ ಮಾತು.

ಅಮ್ಮ ಪ್ರತಿ ಕಾಗದದಲ್ಲೂ ಬರೆಸುತ್ತಿದ್ದಳು, ಉಪ್ಪಿನಕಾಯಿ ಮುಗಿಯಿತಾ? ನಾನು ಬರೆಯುತ್ತಿದ್ದೆ, ಇನ್ನೂ ಸ್ವಲ್ಪ ಇದೆ, ಬಹಳ ಚೆನ್ನಾಗಿದೆ. ಎರಡು ವರ್ಷ ಹಾಗೇ ಬರೆದೆ. ಒಂದು ಬಾಟಲಿಯನ್ನು ಇಷ್ಟು ದಿನ ಯಾರು ತಿನ್ನುತ್ತಾರೆ ಅಂತ ಅವಳಿಗೆ ಅನುಮಾನ ಬಂದಿರಬೇಕು. ಕೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳೋಣ ಅಂದರೆ ಅಮ್ಮ ಇಲ್ಲ.

ಮಗಳು ಕತೆ ಕೇಳಿ ಜೋರಾಗಿ ನಕ್ಕಳು. ಅಂಕಪಟ್ಟಿಯನ್ನು ಅವಳೂ ಒಮ್ಮೆ ಮೂಸಿದಳು. "ಏನೂ ವಾಸನೆ ಇಲ್ಲ," ಅಂದಳು.

ರಾತ್ರಿ ಹತ್ತಕ್ಕೆ ಮತ್ತೆ ತೂಕ. ತುಪ್ಪ, ಪೇಡೆ, ಕೊಬ್ಬರಿ, ದಪ್ಪ ಚಾದರ, ಎರಡು ಸ್ಟೀಲ್ ಡಬ್ಬಿ ಎಲ್ಲ ಹೊರಗಿದ್ದವು. ಆದರೂ 24.1. ಉಳಿದದ್ದು ಎರಡೇ ದಾರಿ ಅನ್ನಿಸಿತು, ಸುತ್ತಿಗೆ ಇಲ್ಲವೇ ಉಪ್ಪಿನಕಾಯಿ. ಉಪ್ಪಿನಕಾಯಿ ಅಂದರೆ ಊರಿಂದ ನನ್ನ ಅತ್ತಿಗೆ ಕಳಿಸಿದ್ದ ಅಪ್ಪೆಮಿಡಿ, ಈ ಸಲ ಪ್ಲಾಸ್ಟಿಕ್ ಡಬ್ಬಿಯಲ್ಲಿ. ತೆಗೆದುಬಿಡು ಅಂತ ನಾನೇ ಹೇಳಿದೆ.

"ಬೇಡ. ದೊಡ್ಡಮ್ಮ ಫೋನ್ ಮಾಡಿ ಹೇಗಿತ್ತು ಅಂತ ಕೇಳ್ತಾರೆ. ನಂಗೆ ನಿನ್ನ ಥರ ಎರಡು ವರ್ಷ ಸುಳ್ಳು ಹೇಳೋಕೆ ಬರಲ್ಲ."

ಹಾಗಂದವಳು ಕುಕ್ಕರನ್ನು ಎತ್ತಿ ಅಲ್ಲಾಡಿಸಿದಳು. ಒಳಗೆ ಝಲ್ ಅಂತು. ಮುಚ್ಚಳ ತೆಗೆದರೆ ಕಂಠದವರೆಗೆ ಸೋನಾ ಮಸೂರಿ.

"ಅಮ್ಮಾ!"

"ಖಾಲಿ ಪಾತ್ರಿ ಕೊಟ್ಟು ಮಗಳನ್ನ ಕಳಸಬಾರದು," ಅಂತ ಇವಳು ಬಾಗಿಲಲ್ಲಿ ನಿಂತು, ಗೋಡೆ ನೋಡುತ್ತಾ ಅಂದಳು. ಮಗಳು ಒಂದು ಹಿಡಿ ಅಕ್ಕಿಯನ್ನು ಕುಕ್ಕರಿನಲ್ಲೇ ಬಿಟ್ಟು, ಉಳಿದದ್ದನ್ನು ಡಬ್ಬಕ್ಕೆ ಸುರಿದಳು. ಉಪ್ಪಿನಕಾಯಿ ಡಬ್ಬಿಗೆ ಮೂರು ಕವರ್ ಹಾಕಿ, ಟೇಪ್ ಸುತ್ತಿ, ಸುತ್ತಿಗೆಯ ಪಕ್ಕ ಕೂರಿಸಿದಳು. ಆಮೇಲೆ ಪೆಟ್ಟಿಗೆಯ ಮುಚ್ಚಳದ ಜೇಬಿನಿಂದ ತನ್ನ ಸರ್ಟಿಫಿಕೇಟಿನ ಫೈಲ್ ತೆಗೆದು, ನನಗೆ ತೋರಿಸಿಕೊಂಡೇ ಬೆನ್ನಿಗೆ ಹಾಕುವ ಬ್ಯಾಗಿಗೆ ಸೇರಿಸಿದಳು.

ನಾನು ಪೆಟ್ಟಿಗೆ ಎತ್ತಿಕೊಂಡು ಮೆಷಿನ್ ಹತ್ತಿದೆ. ಅವಳು ಬಗ್ಗಿದಳು.

"104.5. ಅಂದ್ರೆ 22.9. ಆಯ್ತು, ಇಳಿಸು ಅಪ್ಪ."

"ಅದು ಹೇಗೆ? 81 ಕಳೆದ್ರೆ 23 ದಾಟುತ್ತಲ್ಲ?"

"ಬೆಳಿಗ್ಗೆ 81. ಊಟ ಆದ್ಮೇಲೆ ನೋಡಿದ್ವಲ್ಲ, ಈಗ 81.6," ಅಂದಳು. "ಪೇಡೆ ಎಷ್ಟು ತಿಂದೆ?"